ನಾಯಿಯ ಕಿವಿ: ವಾರಕ್ಕೊಮ್ಮೆ ನೋಡಿ, ಬೇಕಾದಾಗ ಮಾತ್ರ ತೊಳೆಯಿರಿ

ಹಸ್ತ, ಚಿತ್ತೆ ಮಳೆ ಹಿಡಿಯುವ ಹೊತ್ತಿಗೆ ಕೋಲಾರದ ಕಡೆ ನಾಯಿ ಸಾಕಿದ ಮನೆಗಳಲ್ಲಿ ರಾತ್ರಿ ಒಂದು ಸದ್ದು ಜಾಸ್ತಿಯಾಗುತ್ತದೆ. ಪಟಪಟ ಅಂತ ನಾಯಿ ಕಿವಿ ಒದರುವ ಸದ್ದು. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಜಿಲ್ಲೆಗೆ ಹೆಚ್ಚು ಮಳೆ ಬೀಳುವ ತಿಂಗಳುಗಳು. ಮಿಕ್ಕ ಕಾಲದಲ್ಲಿ ಒಣಗಿರುವ ಗಾಳಿಗೆ ಆಗ ತೇವ ಸೇರುತ್ತದೆ, ಕೆರೆಕುಂಟೆ ತುಂಬುತ್ತವೆ, ಹುಲ್ಲು ಮೊಣಕಾಲು ಮುಟ್ಟುತ್ತದೆ, ರಕ್ತ ಹೀರುವ ಉಣ್ಣೆ ಹೆಚ್ಚುತ್ತದೆ. ಇದರಲ್ಲಿ ಯಾವುದಾದರೂ ಒಂದು ನಾಯಿಯ ಕಿವಿಗೆ ತಲುಪಿದರೂ ಸಾಕು, ಮನೆಯವರ ನಿದ್ದೆ ಕೆಟ್ಟಿತು.

ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಕಿವಿಗೆ ಏನಾದರೂ ಹಾಕುವುದು. ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ, ಡೆಟಾಲ್ ನೀರು, ಹೋದ ವರ್ಷ ಡಾಕ್ಟರು ಬರೆದುಕೊಟ್ಟಿದ್ದ ಡ್ರಾಪ್ಸ್, ಹೀಗೆ ಕೈಗೆ ಸಿಕ್ಕಿದ್ದು. ಹಾಕುವುದಕ್ಕಿಂತ ಮೊದಲು ನೋಡಬೇಕು. ನಾಯಿಯ ಕಿವಿ ಆರೋಗ್ಯವಾಗಿರುವುದು ನೀವು ಎಷ್ಟು ಸಲ ತೊಳೆದಿರಿ ಅನ್ನುವುದರಿಂದಲ್ಲ, ಎಷ್ಟು ಬೇಗ ಬದಲಾವಣೆ ಗುರುತು ಹಿಡಿದಿರಿ ಅನ್ನುವುದರಿಂದ.

ಒಳಗಿನ ದಾರಿ

ನಮ್ಮ ಕಿವಿಯ ದಾರಿ ಗಿಡ್ಡ, ಹೆಚ್ಚುಕಡಿಮೆ ನೇರ. ನಾಯಿಯದು ಹಾಗಲ್ಲ. ಹೊರಗಿನ ತೂತಿನಿಂದ ಮೊದಲು ಕೆಳಕ್ಕೆ ಇಳಿಯುತ್ತದೆ, ಆಮೇಲೆ ಒಳಕ್ಕೆ ತಿರುಗಿ ಕಿವಿತಮಟೆ ಮುಟ್ಟುತ್ತದೆ. ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಹಾಗಾಗಿ ಒಳಗೆ ಹೋದ ನೀರು ತಾನಾಗಿ ಹೊರಗೆ ಬರುವುದಿಲ್ಲ. ಇಯರ್ ಬಡ್ ತೂರಿಸಿದರೆ ಗುಗ್ಗೆ ಆ ತಿರುವಿಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಇನ್ನು ಎಷ್ಟೇ ಟಾರ್ಚ್ ಬಿಟ್ಟು ನೋಡಿದರೂ ತಮಟೆ ಹರಿದಿದೆಯೋ ಚೆನ್ನಾಗಿದೆಯೋ ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ. ಈ ಕೊನೆಯ ಮಾತು ನೆನಪಿರಲಿ. ಕಂಡಕಂಡದ್ದನ್ನು ಕಿವಿಗೆ ಸುರಿಯಬೇಡಿ ಅನ್ನುವುದಕ್ಕೆ ದೊಡ್ಡ ಕಾರಣ ಅದೇ.

ಕಿವಿಗೆ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಏರ್ಪಾಡೂ ಇದೆ. ಒಳಗಿನ ಚರ್ಮ ತಮಟೆಯ ಕಡೆಯಿಂದ ಹೊರಗಿನ ಕಡೆಗೆ ಬೆಳೆಯುತ್ತಾ ಬರುತ್ತದೆ, ಗುಗ್ಗೆಯನ್ನೂ ಸತ್ತ ಚರ್ಮವನ್ನೂ ಜೊತೆಗೆ ತಳ್ಳಿಕೊಂಡು ಬರುತ್ತದೆ. ಸ್ವಲ್ಪ ಗುಗ್ಗೆ ಇರಲೇಬೇಕು, ಚರ್ಮಕ್ಕೆ ಅದು ಕಾವಲು. ಚೆನ್ನಾಗಿರುವ ಕಿವಿಯನ್ನು ದಿನ ಬಿಟ್ಟು ದಿನ ತೊಳೆಯುವವರ ನಾಯಿಗೆ ಚರ್ಮ ಸದಾ ನೆನೆದು ಮೆತ್ತಗಾಗಿ, ಇಲ್ಲದ ಸೋಂಕು ಬರುತ್ತದೆ.

ಯಾವ ನಾಯಿಗೆ ಹೆಚ್ಚು ಕಾಟ

ಹಾಲೆ ಜೋತುಬಿದ್ದ ಜಾತಿಗಳಿಗೆ: ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಬೀಗಲ್, ಕಾಕರ್ ಸ್ಪಾನಿಯಲ್. ಹಾಲೆ ಮುಚ್ಚಿಕೊಂಡಿರುವುದರಿಂದ ಗಾಳಿ ಆಡುವುದಿಲ್ಲ, ಬಿಸಿ ಮತ್ತು ತೇವ ಒಳಗೇ ಉಳಿಯುತ್ತವೆ. ಕಾಕರ್ ಸ್ಪಾನಿಯಲ್‌ಗೆ ಗುಗ್ಗೆ ಮಾಡುವ ಗ್ರಂಥಿಗಳೂ ಜಾಸ್ತಿ. ಪಗ್‌ಗೆ ಕಿವಿಯ ದಾರಿ ಕಿರಿದು. ಪೂಡಲ್, ಶಿಟ್ಜುಗಳಿಗೆ ದಾರಿಯೊಳಗೇ ಕೂದಲು ಬೆಳೆಯುತ್ತದೆ. ಆ ಕೂದಲನ್ನು ತಿಂಗಳು ತಿಂಗಳು ಕೀಳಬೇಕು ಅನ್ನುವುದು ಹಳೆಯ ಮಾತು. ಕಿವಿ ಚೆನ್ನಾಗಿದ್ದರೆ ಕೀಳುವ ಅಗತ್ಯವಿಲ್ಲ, ಕಿತ್ತ ಜಾಗವೇ ಉರಿದು ಸೋಂಕಿಗೆ ದಾರಿಯಾಗಬಹುದು.

ನಮ್ಮ ನಾಟಿ ನಾಯಿಗಳ ಕಿವಿ ನೆಟ್ಟಗೆ ನಿಂತಿರುತ್ತದೆ, ಒಳಗಿನ ಸೋಂಕು ಕಡಿಮೆ. ಅವುಗಳ ಕಷ್ಟ ಹೊರಗಿನದು: ಉಣ್ಣೆ, ನೊಣ, ಕಚ್ಚಾಟದ ಗಾಯ. ಅಂದಹಾಗೆ, ಬೀದಿ ನಾಯಿಯ ಒಂದು ಕಿವಿಯ ತುದಿಯನ್ನು ನೀಟಾಗಿ ಕತ್ತರಿಸಿದ ಹಾಗೆ ಕಂಡರೆ ಯಾರೋ ಹಿಂಸೆ ಕೊಟ್ಟಿದ್ದಾರೆ ಅಂತ ಗಾಬರಿಯಾಗಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದಿದೆ ಅನ್ನುವುದಕ್ಕೆ ಅದು ಗುರುತು.

ವಾರದ ತಪಾಸಣೆ

ಒಂದು ದಿನ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಎಳೆಬಿಸಿಲು ಬೀಳುವ ಜಾಗದಲ್ಲಿ, ಜಗುಲಿಯ ಮೇಲೋ ಅಂಗಳದಲ್ಲೋ ನಾಯಿಯನ್ನು ಕೂರಿಸಿ. ಮರಿ ಎರಡು ತಿಂಗಳದ್ದಾದಾಗಿನಿಂದಲೇ ಇದನ್ನು ಅಭ್ಯಾಸ ಮಾಡಿಸಿ. ಕಿವಿ ಮುಟ್ಟಿ, ಒಂದು ತುಣುಕು ತಿಂಡಿ ಕೊಡಿ, ಬಿಟ್ಟುಬಿಡಿ. ಹುಟ್ಟಿದ ಮರಿಗಳ ಕಿವಿಯ ದಾರಿ ಮುಚ್ಚಿಕೊಂಡೇ ಇರುತ್ತದೆ, ಸುಮಾರು ಎರಡು ವಾರಕ್ಕೆ ತೆರೆಯುತ್ತದೆ. ಅಷ್ಟು ಎಳೆಯ ಮರಿಗಳ ಕಿವಿಗೆ ಕೈ ಹಾಕಬೇಡಿ.

ಮೊದಲು ಮೂಗು, ಆಮೇಲೆ ಕಣ್ಣು. ಹಾಲೆ ಎತ್ತಿ ಮೂಸಿ ನೋಡಿ. ಚೆನ್ನಾಗಿರುವ ಕಿವಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಹುಳಿ ಹಿಟ್ಟಿನ ವಾಸನೆಯೋ ಕೊಳೆತ ವಾಸನೆಯೋ ಬಂದರೆ ಕಣ್ಣಿಗೆ ಏನೂ ಕಾಣದಿದ್ದರೂ ಒಳಗೆ ಏನೋ ನಡೆಯುತ್ತಿದೆ. ಆಮೇಲೆ ಬಣ್ಣ. ಒಳಹಾಲೆ ತಿಳಿ ಗುಲಾಬಿ ಇರಬೇಕು, ಕಪ್ಪು ನಾಯಿಗಳಲ್ಲಿ ಬೂದು ಇರಬಹುದು. ಎರಡೂ ಕಿವಿಯನ್ನು ಒಂದರ ಪಕ್ಕ ಒಂದು ಹೋಲಿಸಿ ನೋಡುವುದೇ ಇದರಲ್ಲಿನ ಜಾಣತನ. ಒಂದು ಕೆಂಪಾಗಿ ಇನ್ನೊಂದು ತಿಳಿಯಾಗಿದ್ದರೆ ಬೇರೆ ಪುರಾವೆ ಬೇಡ.

ಮೂರನೆಯದು ಮುಟ್ಟುವುದು. ಕಿವಿಯ ಬುಡವನ್ನು, ದವಡೆಯ ಮೂಲೆಗಿಂತ ಸ್ವಲ್ಪ ಮೇಲೆ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಮೆದುವಾಗಿ ಬಾಗುವ ಕೊಳವೆ ಸಿಗುತ್ತದೆ. ಒತ್ತಿದರೆ ಕುಂಯ್ ಅಂದರೆ, ತಲೆ ಎಳೆದುಕೊಂಡರೆ, ಇಲ್ಲವೇ ಕೊಳವೆ ಗಟ್ಟಿಯಾಗಿ ದಪ್ಪಗೆ ಸಿಕ್ಕರೆ, ಅವತ್ತು ಮನೆಯಲ್ಲಿ ತೊಳೆಯುವ ಮಾತೇ ಇಲ್ಲ.

ಕೊನೆಗೆ ಹಾಲೆಯ ಹೊರ ಅಂಚನ್ನು ಬುಡದ ತನಕ ಬೆರಳಲ್ಲಿ ಸವರಿ. ಅಲ್ಲೊಂದು ಪುಟ್ಟ ಚರ್ಮದ ಮಡಿಕೆ ಇದೆ. ಎಲ್ಲ ನಾಯಿಗಳಿಗೂ ಇರುತ್ತದೆ, ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ. ಉಣ್ಣೆಗಳಿಗೆ ಅದು ಮೆಚ್ಚಿನ ಅಡಗುತಾಣ.

ಬಂದದ್ದು ಏನು ಹೇಳುತ್ತದೆ

ತಿಳಿ ಹಳದಿ ಅಥವಾ ತಿಳಿಕಂದು ಗುಗ್ಗೆ, ಸ್ವಲ್ಪವೇ, ವಾಸನೆ ಇಲ್ಲ: ಸಹಜ. ಕಡುಕಂದು, ಜಿಡ್ಡುಜಿಡ್ಡಾಗಿ, ಹುಳಿ ವಾಸನೆ: ಹೆಚ್ಚಾಗಿ ಮಲಸೀಜಿಯಾ ಅನ್ನುವ ಯೀಸ್ಟ್, ಮಳೆಗಾಲದಲ್ಲಿ ಜಾಸ್ತಿ. ಹಳದಿ ಇಲ್ಲವೇ ಹಸಿರು ಕೀವು, ನೋವು, ಕೆಟ್ಟ ನಾತ: ಬ್ಯಾಕ್ಟೀರಿಯಾ. ಇವುಗಳಲ್ಲಿ ಸ್ಯೂಡೊಮೊನಾಸ್ ಅನ್ನುವುದು ಹಟಮಾರಿ, ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗುವುದಿಲ್ಲ.

ಒಣಗಿದ ಕಪ್ಪು ಕಾಫಿಪುಡಿಯಂಥದ್ದು ಉದುರಿ, ನಾಯಿ ವಿಪರೀತ ಕೆರೆದುಕೊಳ್ಳುತ್ತಿದ್ದರೆ ಕಿವಿನುಸಿ ಇರಬಹುದು. ಬರಿಗಣ್ಣಿಗೆ ಅವು ಬಿಳಿ ಚುಕ್ಕೆಯಷ್ಟೇ. ಮರಿಗಳಲ್ಲಿ ಹೆಚ್ಚು, ಬೆಕ್ಕಿನಿಂದಲೂ ಬರುತ್ತದೆ. ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಸುಮಾರು ಮೂರು ವಾರ ಹಿಡಿಯುವುದರಿಂದ ಎರಡು ದಿನ ಔಷಧಿ ಹಾಕಿ ಬಿಟ್ಟರೆ ಮತ್ತೆ ಬರುತ್ತವೆ. ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ನಿಮ್ಮ ಬೆಕ್ಕು ಪಕ್ಕದ ಮನೆಗೂ ಹೋಗಿಬರುತ್ತಿದ್ದರೆ ಅವರಿಗೂ ಒಂದು ಮಾತು ಹೇಳಿ.

ಬಣ್ಣ ನೋಡಿ ಅಂದಾಜು ಮಾಡಬಹುದು, ಔಷಧಿ ನಿರ್ಧಾರ ಮಾಡಬಾರದು. ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಎಷ್ಟೋ ಸಲ ಒಟ್ಟಿಗೇ ಇರುತ್ತವೆ. ಅದನ್ನು ಹೇಳುವುದು ಸೂಕ್ಷ್ಮದರ್ಶಕ ಮಾತ್ರ.

ತೊಳೆಯುವ ಕ್ರಮ

ಗುಗ್ಗೆ ಕಾಣುವಷ್ಟು ಸೇರಿದೆ, ಆದರೆ ನೋವಿಲ್ಲ, ಕೆಂಪಿಲ್ಲ, ಕೀವಿಲ್ಲ, ತಲೆ ವಾಲಿಲ್ಲ. ಇಷ್ಟಿದ್ದರೆ ಮಾತ್ರ ಮನೆಯಲ್ಲಿ ತೊಳೆಯಿರಿ. ಜೋತುಕಿವಿಯ ನಾಯಿಗೆ ಸಾಮಾನ್ಯವಾಗಿ ತಿಂಗಳಿಗೆ ಒಂದೆರಡು ಸಲ ಸಾಕು, ಈಜಿ ಬಂದ ದಿನ ಬೇಕಾದರೆ ಇನ್ನೊಂದು ಸಲ. ನಾಟಿ ನಾಯಿಗಳಲ್ಲಿ ಎಷ್ಟಕ್ಕೋ ವರ್ಷವಿಡೀ ಬೇಕಾಗುವುದೇ ಇಲ್ಲ.

ಬೇಕಾದದ್ದು: ನಾಯಿಗಳಿಗೆಂದೇ ಮಾಡಿದ ಕಿವಿ ತೊಳೆಯುವ ದ್ರಾವಣ, ಹತ್ತಿಯ ದೊಡ್ಡ ಉಂಡೆಗಳು ಅಥವಾ ಗಾಜ್ ಬಟ್ಟೆ, ಹಳೆಯ ಟವೆಲ್, ಒಂದಿಷ್ಟು ತಿಂಡಿ, ಹಿಡಿದುಕೊಳ್ಳಲು ಇನ್ನೊಬ್ಬರು. ದ್ರಾವಣ ಕೊಳ್ಳುವಾಗ ಲೇಬಲ್ ಓದಿ. ಗುಗ್ಗೆ ಕರಗಿಸುವಂಥವು ಒಂದು ಬಗೆ. ಸ್ಯಾಲಿಸಿಲಿಕ್ ಅಥವಾ ಲ್ಯಾಕ್ಟಿಕ್ ಆಮ್ಲ ಸೇರಿಸಿದ, ತೇವ ಒಣಗಿಸುವಂಥವು ಇನ್ನೊಂದು ಬಗೆ. ನೀರಿಗೆ ಬೀಳುವ ನಾಯಿಗೆ ಎರಡನೆಯದು ಒಳ್ಳೆಯದು. ಸ್ಪಿರಿಟ್ ಜಾಸ್ತಿ ಇರುವುದು ಯಾವುದಕ್ಕೂ ಬೇಡ.

1. ಬಾಟಲಿಯನ್ನು ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡಿ. ತಣ್ಣಗಿನದು ಒಳಗೆ ಬಿದ್ದರೆ ನಾಯಿಗೆ ತಲೆ ಸುತ್ತಿದಂತಾಗುತ್ತದೆ, ಬೆಚ್ಚಿಬೀಳುತ್ತದೆ, ಮುಂದಿನ ಸಲ ಬಾಟಲಿ ಕಂಡರೇ ಮಂಚದ ಕೆಳಗೆ. ಬಿಸಿಯೂ ಆಗಬಾರದು, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ.

2. ನಾಯಿಯನ್ನು ಗೋಡೆಗೋ ಮೂಲೆಗೋ ಬೆನ್ನು ಮಾಡಿ ಕೂರಿಸಿ. ಚಿಕ್ಕದಾದರೆ ಟವೆಲ್ ಸುತ್ತಿ ತೊಡೆಯ ಮೇಲೆ. ಜಾಗ ಅಂಗಳವಾದರೆ ಒಳ್ಳೆಯದು, ಯಾಕೆ ಅಂತ ನಾಲ್ಕನೆಯದರಲ್ಲಿ ಗೊತ್ತಾಗುತ್ತದೆ.

3. ಹಾಲೆಯನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದು ಹಿಡಿಯಿರಿ. ಆಗ ದಾರಿ ನೇರವಾಗುತ್ತದೆ. ಬಾಟಲಿಯ ಮೂತಿ ಚರ್ಮಕ್ಕೆ ತಾಗದಂತೆ ದ್ರಾವಣ ಬಿಡಿ. ಎರಡು ಹನಿ ಸಾಲದು, ತೂತಿನ ಬಾಯಿಗೆ ಬರುವಷ್ಟು ತುಂಬಬೇಕು. ಜಿಪುಣತನ ಮಾಡುವವರು ಇಲ್ಲೇ ಕೆಲಸ ಕೆಡಿಸುವುದು. ಮೇಲಿನ ಗುಗ್ಗೆ ನೆನೆದು ಒಳಗಿನದು ಹಾಗೇ ಉಳಿಯುತ್ತದೆ.

4. ಹಾಲೆ ಬಿಡದೆ, ಬುಡವನ್ನು ಸುಮಾರು ಅರ್ಧ ನಿಮಿಷ ಮೆಲ್ಲಗೆ ತಿಕ್ಕಿ. ಒಳಗೆ ಪಿಚಪಿಚ ಸದ್ದು ಬಂದರೆ ಸರಿಯಾದ ಜಾಗಕ್ಕೆ ತಲುಪಿದೆ. ನಾಯಿಗೂ ಇದು ಹಿತ, ಕಣ್ಣು ಮುಚ್ಚಿ ತಲೆ ಒರಗಿಸುವವೂ ಇವೆ. ಆಮೇಲೆ ಕೈಬಿಟ್ಟು ದೂರ ಸರಿಯಿರಿ. ಜೋರಾಗಿ ತಲೆ ಒದರುತ್ತದೆ, ಕರಗಿದ ಗುಗ್ಗೆ ಹೊರಗೆ ಹಾರುತ್ತದೆ. ಸುಣ್ಣ ಬಳಿದ ಗೋಡೆ ಹತ್ತಿರವಿದ್ದರೆ ನಿಮ್ಮ ಹಣೆಬರಹ.

5. ಹತ್ತಿಯನ್ನು ತೋರುಬೆರಳಿಗೆ ಸುತ್ತಿ, ಹಾಲೆಯ ಒಳಭಾಗ, ಮಡಿಕೆಗಳು, ತೂತಿನ ಬಾಯಿ, ಇಷ್ಟನ್ನು ಒರೆಸಿ. ನಿಮ್ಮ ಬೆರಳು ತಾನಾಗಿ ಎಷ್ಟು ಹೋಗುತ್ತದೋ ಅಷ್ಟೇ. ಬೆರಳಿಗಿಂತ ಸಣ್ಣದು ಯಾವುದೂ ಒಳಗೆ ಹೋಗಕೂಡದು, ಬಡ್ ಆಗಲಿ, ಕಡ್ಡಿಗೆ ಸುತ್ತಿದ ಹತ್ತಿಯಾಗಲಿ.

6. ಇನ್ನೊಂದು ಕಿವಿಗೆ ಹೊಸ ಹತ್ತಿ. ಒಂದರ ಸೋಂಕು ಇನ್ನೊಂದಕ್ಕೆ ಹೋಗಬಾರದು.

7. ತಿಂಡಿ ಕೊಡಿ. ಇದನ್ನು ಬಿಟ್ಟರೆ ಮುಂದಿನ ತಿಂಗಳು ಎರಡನೆಯ ಹಂತವೇ ನಡೆಯುವುದಿಲ್ಲ.

ಡಾಕ್ಟರು ಡ್ರಾಪ್ಸ್ ಬರೆದಿದ್ದರೆ, ಅವರು ತೊಳೆಯಿರಿ ಅಂದ ದಿನಗಳಲ್ಲಿ ಮೊದಲು ತೊಳೆದು, ಹತ್ತು ಹದಿನೈದು ನಿಮಿಷ ಒಣಗಲು ಬಿಟ್ಟು, ಆಮೇಲೆ ಔಷಧಿ. ಕೀವಿನ ಮೇಲೆ ಹಾಕಿದ ಔಷಧಿ ಚರ್ಮಕ್ಕೆ ತಲುಪುವುದೇ ಇಲ್ಲ. ಕೆರೆತ ನಿಂತಿತೆಂದು ನಡುವೆ ಬಿಡಬೇಡಿ.

ಕಿವಿ ನೋಯುತ್ತಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು. ಹಲ್ಲು ತೋರಿಸಿದರೆ ನಿಲ್ಲಿಸಿ. ರೇಬೀಸ್ ಲಸಿಕೆ ಪ್ರತಿ ವರ್ಷ ಹಾಕಿಸಿರಲೇಬೇಕು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನಮ್ಮದೇ ಮನೆ ನಾಯಿ ತಾನೇ ಅಂತ ಕೂರಬೇಡಿ.

ಸುರಿಯಬಾರದ್ದು

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುತ್ತದೆ, ಕೊಳೆ ಏಳುತ್ತಿದೆ ಅನ್ನಿಸುತ್ತದೆ. ನಿಜದಲ್ಲಿ ಚರ್ಮ ಉರಿಯುತ್ತದೆ, ಒಳಗೆ ನೀರು ಉಳಿಯುತ್ತದೆ. ಡೆಟಾಲ್, ಸ್ಪಿರಿಟ್, ವಿನಿಗರ್ ಕೂಡ ಹಾಗೇ, ಕೆರೆದು ತರಚಿದ ಚರ್ಮಕ್ಕೆ ಬೆಂಕಿ. ಕೊಬ್ಬರಿ ಎಣ್ಣೆ, ಬೇವಿನೆಣ್ಣೆ, ಹೊಂಗೆ ಎಣ್ಣೆಯ ಮೇಲೆ ನಮ್ಮ ಕಡೆಯ ಹಿರಿಯರಿಗೆ ಬಹಳ ನಂಬಿಕೆ. ಮೈಮೇಲಿನ ಒಣ ಚರ್ಮಕ್ಕೆ ಒಂಚೂರು ಕೊಬ್ಬರಿ ಎಣ್ಣೆ ಸವರುವುದಕ್ಕೆ ನನ್ನ ತಕರಾರಿಲ್ಲ. ಕಿವಿಯ ದಾರಿಯೊಳಗೆ ಹುಯ್ದ ಎಣ್ಣೆ ಗುಗ್ಗೆಯ ಜೊತೆ ಅಂಟಾಗಿ ಕೂತು, ಗಾಳಿ ತಡೆದು, ಯೀಸ್ಟಿಗೆ ಹಬ್ಬದೂಟ ಆಗುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಂತೂ ಬೇಡವೇ ಬೇಡ.

ಹಳೆಯ ಡ್ರಾಪ್ಸ್ ಬಗ್ಗೆ ಇನ್ನೂ ಒಂದು ಮಾತು. ನಾಯಿಗೆ ಕೊಡುವ ಬಹುತೇಕ ಕಿವಿ ಡ್ರಾಪ್ಸ್‌ಗಳಲ್ಲಿ ಮೂರು ವಸ್ತು ಇರುತ್ತವೆ: ಬ್ಯಾಕ್ಟೀರಿಯಾಕ್ಕೆ ಒಂದು, ಯೀಸ್ಟಿಗೆ ಒಂದು, ಉರಿಯೂತಕ್ಕೆ ಸ್ಟೀರಾಯ್ಡ್. ಯಾವ ಬಾಟಲಿ ಹಾಕಿದರೂ ಸ್ಟೀರಾಯ್ಡ್‌ನಿಂದಾಗಿ ಎರಡೇ ದಿನಕ್ಕೆ ಕೆರೆತ ಕಡಿಮೆಯಾಗುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತೇವೆ. ಒಳಗಿನ ಸೋಂಕು ಅರ್ಧ ಸತ್ತು ಅರ್ಧ ಉಳಿದು, ಮುಂದಿನ ಸಲ ಅದೇ ಔಷಧಿಗೆ ಬಗ್ಗುವುದಿಲ್ಲ. ಜೆಂಟಾಮೈಸಿನ್‌ನಂಥ ಔಷಧಿ ಹರಿದ ತಮಟೆ ದಾಟಿ ಒಳಗಿಳಿದರೆ ಕಿವುಡು ಬರಬಹುದು. ಮನುಷ್ಯರ ಡ್ರಾಪ್ಸ್‌ಗೂ ಇದೇ ಎಚ್ಚರಿಕೆ. ನೋವಿಗೆಂದು ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆ ಕೊಡಲೇಬೇಡಿ. ನಾಯಿಗೆ ಅವು ವಿಷವಾಗಬಹುದು.

ಉಣ್ಣೆ, ನೊಣ, ಊಬು

ಹಸು ಕಟ್ಟಿರುವ ಮನೆಯ ನಾಯಿಗೆ ಉಣ್ಣೆ ಬಂದರೆ ಎಲ್ಲರೂ ಕೊಟ್ಟಿಗೆಯನ್ನು ದೂರುತ್ತಾರೆ. ಹಸುವಿನ ಮೇಲೆ ಬದುಕುವ ಉಣ್ಣೆ ಬಹುಮಟ್ಟಿಗೆ ಬೇರೆ ಜಾತಿ. ನಾಯಿಯ ಕಂದು ಉಣ್ಣೆ ನಾಯಿಯ ಜಾಗದಲ್ಲೇ ಸಂಸಾರ ಹೂಡುತ್ತದೆ. ರಕ್ತ ಕುಡಿದ ಹೆಣ್ಣು ಕೆಳಗುದುರಿ, ಗೋಡೆ ಹತ್ತಿ, ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮ ಕಡೆಯ ಕಲ್ಲುಚಪ್ಪಡಿಯ ಕಾಂಪೌಂಡು, ಚಪ್ಪಡಿ ಹಾಸಿದ ಅಂಗಳಗಳಲ್ಲಿ ಸಂದಿಗೇನು ಬರ. ಹಾಗಾಗಿ ನಾಯಿಯ ಮೈಮೇಲಿನದನ್ನು ಎಷ್ಟು ಕಿತ್ತರೂ ಮುಗಿಯುವುದಿಲ್ಲ. ನಾಯಿ ಮಲಗುವ ಜಾಗದ ಸಂದುಗಳನ್ನು ಸಿಮೆಂಟು ಮೆತ್ತಿ ಮುಚ್ಚಿ, ಹಾಸಿದ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ.

ಕಿವಿಯಲ್ಲಿ ಕಚ್ಚಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು, ತಿರುಚದೆ ನೇರಕ್ಕೆ ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಊದುಬತ್ತಿಯ ಕೆಂಡ, ಸುಣ್ಣ, ಯಾವುದೂ ಬೇಡ. ಬಿಸಿ ಮುಟ್ಟಿಸಿದರೆ ಉಣ್ಣೆ ತನ್ನ ಜೊಲ್ಲನ್ನು ಗಾಯದೊಳಗೇ ಕಕ್ಕಬಹುದು, ರೋಗಾಣು ಇರುವುದು ಅಲ್ಲೇ. ಬೆರಳಲ್ಲಿ ಹಿಸುಕಬೇಡಿ, ಸೋಪಿನ ನೀರಿಗೆ ಹಾಕಿ. ಕಿವಿಯ ದಾರಿಯ ಒಳಕ್ಕೆ ಇಳಿದಿದ್ದರೆ ಡಾಕ್ಟರೇ ತೆಗೆಯಲಿ. ಉಣ್ಣೆ ಇದ್ದ ನಾಯಿ ಮುಂದೆ ಊಟ ಬಿಟ್ಟರೆ, ಜ್ವರ ಬಂದರೆ, ವಸಡು ಬಿಳಿಚಿಕೊಂಡರೆ, ಮೂಗಿನಿಂದ ರಕ್ತ ಬಂದರೆ ಉಣ್ಣೆಯಿಂದ ಹರಡುವ ಎರ್ಲಿಕಿಯಾ ಅಥವಾ ಬೆಬೀಸಿಯಾ ಅನ್ನುವ ಕಾಯಿಲೆ ಇರಬಹುದು. ರಕ್ತ ಪರೀಕ್ಷೆ ತಡ ಮಾಡಬೇಡಿ.

ಉಣ್ಣೆ ತಡೆಗೆ ಈಗ ಐಸಾಕ್ಸಜೋಲಿನ್ ಗುಂಪಿನ ಮಾತ್ರೆಗಳಿವೆ. ತಿಂಗಳಿಗೊಂದು ಕೊಡುವಂಥದ್ದೂ ಇದೆ, 12 ವಾರ ಕೆಲಸ ಮಾಡುವಂಥದ್ದೂ ಇದೆ. ಕಿವಿನುಸಿಯೂ ಇದರಿಂದ ಸಾಯುತ್ತದೆ. ಫಿಟ್ಸ್ ಬಂದಿದ್ದ ನಾಯಿಯಾದರೆ ಮೊದಲೇ ಡಾಕ್ಟರಿಗೆ ಹೇಳಿ. ಹಸುವಿಗೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ ಮಿಕ್ಕಿದ್ದನ್ನು ಅಂದಾಜಿನಲ್ಲಿ ನಾಯಿಗೂ ಚುಚ್ಚುವ ರೂಢಿ ಹಳ್ಳಿಗಳಲ್ಲಿದೆ. ಹಸುವಿನ ಡೋಸು ನಾಯಿಯ ಡೋಸಲ್ಲ. ಕೋಲಿ ಮತ್ತು ಅದರ ಬಳಗದ ನಾಯಿಗಳಿಗಂತೂ ಅದು ಮೆದುಳಿಗೇ ಹೋಗಿ ಕೂರುತ್ತದೆ, ಪ್ರಾಣಕ್ಕೆ ಕುತ್ತು. ಕೊಟ್ಟಿಗೆಗೆ ಹೊಡೆಯುವ ಔಷಧಿಯನ್ನೂ ಹಾಗೇ ನಾಯಿಯ ಮೈಗೆ ಹಾಕಬೇಡಿ. ಪರ್ಮೆತ್ರಿನ್ ಜಾತಿಯದಾದರೆ ಅದೇ ಮನೆಯ ಬೆಕ್ಕು ಸಾಯಬಹುದು.

ನೊಣದ ವಿಷಯಕ್ಕೆ ಬಂದರೆ ತಿಪ್ಪೆ, ಕೊಟ್ಟಿಗೆಯ ಗಂಜಲ, ಕೊಳೆತ ಟೊಮೆಟೊ ರಾಶಿ, ಇವುಗಳ ಪಕ್ಕ ಕಟ್ಟಿದ ಕಾವಲು ನಾಯಿಯ ಕಿವಿತುದಿ ನೋಡಿ. ಕಚ್ಚುವ ಕೊಟ್ಟಿಗೆ ನೊಣ ತುದಿಯಲ್ಲೇ ಕೂತು ರಕ್ತ ಹೀರುತ್ತದೆ, ಕಪ್ಪು ಹೆಕ್ಕಳೆ ಕಟ್ಟುತ್ತದೆ. ಔಷಧಿಗಿಂತ ಮೊದಲು ನಾಯಿಯನ್ನು ಕಟ್ಟುವ ಜಾಗ ಬದಲಾಯಿಸಿ. ಉಪ್ಪುನೀರಲ್ಲಿ ಹೆಕ್ಕಳೆ ನೆನೆಸಿ ತೆಗೆದು, ನಾಯಿಗೆ ಹಾಕಬಹುದಾದ ನೊಣ ಓಡಿಸುವ ಮುಲಾಮು ಡಾಕ್ಟರಲ್ಲಿ ಕೇಳಿ. ಗಾಯ ಹಾಗೇ ಬಿಟ್ಟರೆ ಹುಳ ಬೀಳುತ್ತದೆ. ಬಿದ್ದರೆ ಫಿನಾಯಿಲ್, ಪೆಟ್ರೋಲ್, ಟರ್ಪೆಂಟೈನ್ ಸುರಿಯುವುದು ಬೇಡ, ಅದೇ ದಿನ ಆಸ್ಪತ್ರೆ. ಹುಳಗಳು ಒಳಕ್ಕೆ ಕೊರೆದುಕೊಂಡು ಹೋಗುತ್ತವೆ, ನಾಳೆಗೆ ಅಂದರೆ ತೂತು ದೊಡ್ಡದಾಗಿರುತ್ತದೆ.

ಮಳೆ ನಿಂತು ಹುಲ್ಲು ಒಣಗಿದ ಮೇಲೆ ಅಂತರಗಂಗೆ ಬೆಟ್ಟದ ಕಡೆಗೋ ಊರಾಚೆಯ ಗೋಮಾಳಕ್ಕೋ ನಾಯಿಯನ್ನು ಕರೆದುಕೊಂಡು ಹೋಗುವವರು ಊಬಿನ ಹುಲ್ಲಿನ ಬಗ್ಗೆ ಎಚ್ಚರವಿರಬೇಕು. ನಿಮ್ಮ ಪ್ಯಾಂಟಿಗೆ ಚುಚ್ಚಿಕೊಳ್ಳುವ ಅದೇ ಊಬು ನಾಯಿಯ ಕಿವಿಗೂ ಹೋಗುತ್ತದೆ. ಅದರ ಮುಳ್ಳು ಒಂದೇ ದಿಕ್ಕಿಗೆ ಇರುವುದರಿಂದ ತಲೆ ಒದರಿದಷ್ಟೂ ಮುಂದಕ್ಕೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ, ತಮಟೆ ತೂತು ಮಾಡುವುದೂ ಉಂಟು. ಹೋಗುವಾಗ ಚೆನ್ನಾಗಿದ್ದ ನಾಯಿ ವಾಪಸು ಬರುವಾಗ ದಿಢೀರನೆ ಒಂದೇ ಕಿವಿ ಕೆಳಗೆ ಮಾಡಿ ಹುಚ್ಚುಹಿಡಿದಂತೆ ಒದರಿದರೆ ಇದೇ. ತುದಿ ಹೊರಗೆ ಕಾಣುತ್ತಿದ್ದರೆ ಮಾತ್ರ ಚಿಮುಟದಲ್ಲಿ ತೆಗೆಯಿರಿ. ಕಾಣದಿದ್ದರೆ ಏನೂ ಹಾಕದೆ ಡಾಕ್ಟರ ಹತ್ತಿರ ಹೋಗಿ. ಅವರ ಬಳಿ ಕಿವಿಯೊಳಗೆ ನೋಡುವ ಆಟೋಸ್ಕೋಪ್ ಮತ್ತು ಉದ್ದ ಮೂತಿಯ ಇಕ್ಕಳ ಇರುತ್ತದೆ, ಮಂಪರು ಕೊಟ್ಟು ತೆಗೆಯುತ್ತಾರೆ. ಬೆಟ್ಟದಿಂದ ಬಂದ ಮೇಲೆ ಕಾಲ್ಬೆರಳ ಸಂದು, ಕಿವಿ, ಕಂಕುಳು ತಡವಿ ನೋಡುವುದು ರೂಢಿಯಾಗಲಿ. ಉತ್ತರಾಣಿ ಬೀಜವೂ ಸಿಗುತ್ತದೆ, ಆದರೆ ಅದು ಕೂದಲಿಗೆ ಅಂಟುವುದೇ ಹೆಚ್ಚು.

ಸ್ನಾನ, ಕೆರೆ

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರತೊಡಗಿದ ಮೇಲೆ ನಮ್ಮ ಎಷ್ಟೋ ಕೆರೆಗಳು ಬೇಸಿಗೆಯಲ್ಲೂ ತುಂಬಿವೆ. ಲ್ಯಾಬ್ರಡಾರ್ ಸಾಕಿದವರಿಗೆ ಕೆರೆ ಏರಿ ಮೇಲೆ ನಾಯಿ ಹಿಡಿದು ನಿಲ್ಲಿಸುವುದೇ ಕಷ್ಟ. ಅದು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು, ನಾಯಿ ಈಜಾಡಿ ಕುಡಿಯಲಿ ಅಂತ ಬಿಟ್ಟದ್ದಲ್ಲ. ಬಿಡದಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೃಷಿಹೊಂಡವೋ ಬಾವಿ ತೊಟ್ಟಿಯೋ, ಯಾವ ನೀರಿಗೆ ಬಿದ್ದರೂ ಮನೆಗೆ ಬಂದ ಮೇಲೆ ಒಣಗಿಸುವ ದ್ರಾವಣ ಹಾಕಿ, ಹಾಲೆ ಎತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡದ ಅಂಚು ಜಾರುತ್ತದೆ, ನಾಯಿ ಮೇಲೆ ಹತ್ತಲಾಗದೆ ಮುಳುಗುವುದೂ ಇದೆ. ಅದು ಕಿವಿಯ ಮಾತಲ್ಲ, ಆದರೂ ಹೇಳಿದೆ.

ಸ್ನಾನ ಮಾಡಿಸುವಾಗ ಕಿವಿಯ ಬಾಯಿಗೆ ಹತ್ತಿ ಉಂಡೆ ಇಡಿ, ಮುಗಿದ ಮೇಲೆ ಮರೆಯದೆ ತೆಗೆಯಿರಿ.

ಮತ್ತೆ ಮತ್ತೆ ಬಂದರೆ

ವರ್ಷಕ್ಕೆ ಎರಡು ಮೂರು ಸಲ ಕಿವಿ ಸೋರುವ ನಾಯಿಗಳಲ್ಲಿ ಕಾಯಿಲೆ ಇರುವುದು ಸಾಮಾನ್ಯವಾಗಿ ಕಿವಿಯಲ್ಲಲ್ಲ, ಚರ್ಮದಲ್ಲಿ. ಅಲರ್ಜಿಯಿಂದ ಉರಿದ ಚರ್ಮದ ಮೇಲೆ ಯೀಸ್ಟ್, ಬ್ಯಾಕ್ಟೀರಿಯಾ ಬಂದು ಕೂತಿರುತ್ತವೆ. ಅವನ್ನಷ್ಟೇ ಕೊಂದರೆ ಇನ್ನೊಂದು ಗುಂಪು ಬರುತ್ತದೆ. ಈ ನಾಯಿಗಳು ಪಾದ ನೆಕ್ಕುತ್ತವೆ, ಕಂಕುಳು ಮತ್ತು ಹೊಟ್ಟೆಯ ಚರ್ಮ ಕೆಂಪಾಗಿರುತ್ತದೆ. ಧೂಳುನುಸಿ, ಪರಾಗದ ಅಲರ್ಜಿಯಾದರೆ ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೆ ಶುರುವಾಗುತ್ತದೆ.

ಆಹಾರದ ಅಲರ್ಜಿಗೆ ನಂಬಬಹುದಾದ ಪರೀಕ್ಷೆ ಒಂದೇ, ಪಥ್ಯ. ಕೋಳಿ, ದನದ ಮಾಂಸ, ಹಾಲು ಸಾಮಾನ್ಯವಾಗಿ ತೊಂದರೆ ಕೊಡುವ ಪದಾರ್ಥಗಳು. ನಮ್ಮ ಮನೆಗಳಲ್ಲಿ ರಾಗಿ ಮುದ್ದೆಯ ಜೊತೆ ನಾಯಿಗೆ ಬೀಳುವುದು ಕೋಳಿಯ ಚೂರು, ಮೊಸರನ್ನ, ಕರೆದ ಹಾಲು. ನಾಯಿ ಹಿಂದೆ ತಿಂದೇ ಇಲ್ಲದ ಒಂದು ಮಾಂಸ, ಅಥವಾ ಇದಕ್ಕೆಂದೇ ಮಾಡಿದ ಪಥ್ಯದ ಆಹಾರ, ಡಾಕ್ಟರು ಹೇಳಿದಂತೆ ಕನಿಷ್ಠ ಎಂಟು ವಾರ. ಬೇರೊಂದು ತುತ್ತೂ ಇಲ್ಲ. ಕೇಳಲು ಸುಲಭ, ನಡೆಸುವುದು ಕಷ್ಟ. ಎಂಟು ವಾರದ ಪಥ್ಯವನ್ನು ತಾತ ಕದ್ದು ಕೊಡುವ ಒಂದು ಬಿಸ್ಕತ್ತು ಹಾಳುಮಾಡುತ್ತದೆ. ಶುರುಮಾಡುವ ಮೊದಲು ನಾಯಿಗಲ್ಲ, ಮನೆಯವರಿಗೆ ಬುದ್ಧಿ ಹೇಳಿ.

ವರ್ಷಗಟ್ಟಲೆ ಬಿಟ್ಟರೆ ಕಿವಿಯ ದಾರಿ ದಪ್ಪಗಾಗಿ, ಕಿರಿದಾಗಿ, ಕೊನೆಗೆ ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಯಾವ ಡ್ರಾಪ್ಸೂ ಒಳಗೆ ಹೋಗುವುದಿಲ್ಲ, ಇಡೀ ದಾರಿಯನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾಗುತ್ತದೆ.

ಡಾಕ್ಟರ ಹತ್ತಿರ

ತಲೆ ಒಂದು ಕಡೆಗೆ ವಾಲಿದೆ, ನಡೆಯುವಾಗ ತೂರಾಡುತ್ತಿದೆ, ಸುತ್ತುತ್ತಿದೆ, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಿದೆ, ಮುಖದ ಒಂದು ಬದಿ ಜೋತಿದೆ: ಸೋಂಕು ತಮಟೆ ದಾಟಿರಬಹುದು, ಅದೇ ದಿನ ತೋರಿಸಿ. ಒದರಿ ಒದರಿ ಹಾಲೆಯ ಒಳಗಿನ ರಕ್ತನಾಳ ಒಡೆದು ಹಾಲೆ ಮೆತ್ತಗೆ ಉಬ್ಬಿಕೊಂಡರೆ ಸೂಜಿ ಚುಚ್ಚಿ ರಕ್ತ ತೆಗೆಯುವ ಸಾಹಸ ಮನೆಯಲ್ಲಿ ಬೇಡ. ಹಾಗೇ ಬಿಟ್ಟರೆ ಹಾಲೆ ಮುರುಟಿಕೊಳ್ಳುತ್ತದೆ. ಒದರಲು ಕಾರಣವಾದ ಸೋಂಕಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಮತ್ತೆ ಉಬ್ಬುತ್ತದೆ.

ತೋರಿಸಲು ಹೋಗುವ ಮೊದಲು ಕಿವಿ ತೊಳೆಯಬೇಡಿ. ಗಲೀಜು ಕಂಡು ಡಾಕ್ಟರು ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಕೆಲವರಿಗೆ. ಅವರಿಗೆ ಬೇಕಾಗಿರುವುದೇ ಆ ಗಲೀಜು. ಬಡ್‌ನಲ್ಲಿ ಸ್ವಲ್ಪ ತೆಗೆದು, ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟೋ ಬ್ಯಾಕ್ಟೀರಿಯಾವೋ ಅಲ್ಲೇ ಗೊತ್ತಾಗುತ್ತದೆ. ಎಲ್ಲ ಕಡೆ ತಾವಾಗಿ ಮಾಡುವುದಿಲ್ಲ, ನೀವೇ ಕೇಳಿ. ಹಟಮಾರಿ ಕೀವಾದರೆ, ರೋಗಾಣುವನ್ನು ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಕಲ್ಚರ್ ಪರೀಕ್ಷೆ ಬೇಕಾಗಬಹುದು. ಔಷಧಿ ಮುಗಿದ ಮೇಲೆ ಮತ್ತೊಮ್ಮೆ ತೋರಿಸುವುದನ್ನು ತಪ್ಪಿಸಬೇಡಿ. ಹೊರಗೆ ಒಣಗಿದಂತೆ ಕಂಡು ತಿರುವಿನಾಚೆ ಸೋಂಕು ಉಳಿದಿರುವುದು ಸಾಮಾನ್ಯ.

ಇಲ್ಲಿ ಗುಣವಾಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಹೋಗುವಾಗ ಇಲ್ಲಿಯ ಚೀಟಿಗಳನ್ನು, ಈವರೆಗೆ ಹಾಕಿದ ಎಲ್ಲ ಡ್ರಾಪ್ಸ್ ಬಾಟಲಿಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಎಣ್ಣೆ ಹುಯ್ದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.